ವಾರಸುದಾರರಿಲ್ಲದ ಕೋಸು

ಛತ್ರಿಯಪ್ಪನಿಗೆ ಥೈರಾಯ್ಡ್ ಇದೆಯೆಂದು ಬೀದಿಗೆಲ್ಲ ಗೊತ್ತಾದದ್ದಕ್ಕೆ ಛತ್ರಿಯಪ್ಪನೇ ಕಾರಣ. ಬೇರೆಯವರು ಕಾಯಿಲೆ ಬಂದರೆ ಮುಚ್ಚಿಡುತ್ತಾರೆ. ಇವನು ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಲೇ ಎದುರು ಸಿಕ್ಕವರಿಗೆಲ್ಲ ಕಾಲರ್ ಸರಿಸಿ ಕುತ್ತಿಗೆ ತೋರಿಸಿದ. "ಇಲ್ಲಿ ಚಿಟ್ಟೆ ಆಕಾರದ್ದು ಒಂದು ಗ್ರಂಥಿ ಇರುತ್ತಂತೆ. ನಂದು ಸರಿಯಾಗಿ ಕೆಲಸ ಮಾಡ್ತಿಲ್ಲವಂತೆ" ಎಂದ. ಹುಟ್ಟಿದಾಗಿನಿಂದ ಅವನ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ನಡೆದಿರಲಿಲ್ಲ. ಈಗ ಕುತ್ತಿಗೆಯಲ್ಲೇ ಚಿಟ್ಟೆ ಸಿಕ್ಕಿದ ಮೇಲೆ ಸುಮ್ಮನಿರುವುದಾದರೂ ಹೇಗೆ?

ಅವನ ಕೆಲಸ ರೈಲ್ವೆ ಸ್ಟೇಷನ್ನಿನಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಛತ್ರಿಗಳು ತೂಗುತ್ತಿದ್ದುದರಿಂದ ಸ್ಟೇಷನ್ನಿನವರು ಅವನಿಗೆ ಛತ್ರಿಯಪ್ಪ ಎಂದು ಹೆಸರಿಟ್ಟಿದ್ದರು. ಛತ್ರಿ ಅನ್ನಿಸಿಕೊಳ್ಳುವುದಕ್ಕೆ ಬೇಕಾದ ಕಿಲಾಡಿತನ ಅವನಲ್ಲಿ ಭೂತಗನ್ನಡಿ ಹಾಕಿ ಹುಡುಕಿದರೂ ಸಿಗುತ್ತಿರಲಿಲ್ಲ. ಐವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಬೇಡ ಎಂದೇನೂ ಅಲ್ಲ. ಆಗೋಣ, ನೋಡೋಣ ಎನ್ನುತ್ತಿರುವಾಗಲೇ ವಯಸ್ಸು ಮುಂದಿನ ಸ್ಟೇಷನ್ನಿಗೆ ಹೋಗಿಬಿಟ್ಟಿತ್ತು. ಮನೆಯಲ್ಲಿ ಅವನ ಅಕ್ಕನ ಆಡಳಿತ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ತಮ್ಮನನ್ನೂ ಮನೆಯನ್ನೂ ಒಂದೇ ಪೊರಕೆಯಲ್ಲಿ ಗುಡಿಸಿ ಚೊಕ್ಕಟವಾಗಿ ಇಟ್ಟಿದ್ದಳು.

ಕೆಲವು ತಿಂಗಳಿನಿಂದ ಛತ್ರಿಯಪ್ಪ ಕೂತಲ್ಲೇ ತೂಕಡಿಸುತ್ತಿದ್ದ. ಬೇಸಿಗೆಯಲ್ಲೂ ಚಳಿ ಎಂದು ಮಫ್ಲರ್ ಸುತ್ತಿಕೊಳ್ಳುತ್ತಿದ್ದ. ಪ್ಯಾಂಟಿನ ಗುಂಡಿ ತನ್ನ ಕಾಜವನ್ನು ಮುಟ್ಟುವ ಆಸೆಯನ್ನೇ ಬಿಟ್ಟಿತ್ತು. ಪ್ರಯಾಣಿಕರು ಬಂದು ಕೌಂಟರ್ ತಟ್ಟಿ, ಅವನು ಏಳದಿದ್ದರೆ ತಾವೇ ಒಳಗೆ ಹೋಗಿ ತಮ್ಮ ಛತ್ರಿ ತೆಗೆದುಕೊಂಡು, ಅವನ ಮಫ್ಲರ್ ಸರಿಮಾಡಿ ಹೋಗುತ್ತಿದ್ದರು. ಕೊನೆಗೆ ಅಕ್ಕ ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಡಾಕ್ಟರು ರಕ್ತಪರೀಕ್ಷೆ ಮಾಡಿಸಿ ಮಾತ್ರೆ ಬರೆದರು. "ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೇಲಿ ತಗೊಳ್ಳಿ. ಬರೀ ನೀರು ಸಾಕು. ಆಮೇಲೆ ಸ್ವಲ್ಪ ಹೊತ್ತು ಕಾಫಿ ಗೀಫಿ ಬೇಡ. ಮಿಕ್ಕಿದ್ದೆಲ್ಲ ಮನೆಯವರ ಜೊತೆ ಸಮವಾಗಿ ತಿನ್ನಿ. ಕಾಳು, ಮೊಟ್ಟೆ, ಹಣ್ಣು, ತರಕಾರಿ, ಎಲ್ಲ ಹಿತಮಿತವಾಗಿ. ಅಂದಹಾಗೆ ದಿನಾ ಏನು ತಿಂತೀರಿ?"

"ಎಲೆಕೋಸು" ಎಂದ ಛತ್ರಿಯಪ್ಪ.

"ಅದು ಬಿಟ್ಟು?"

"ಉಳಿದಿರೋ ಎಲೆಕೋಸು."

ಡಾಕ್ಟರು ಪೆನ್ನು ಕೆಳಗಿಟ್ಟರು. "ದಿನಾ ಒಂದು ಇಡೀ ಕೋಸಾ? ಅಷ್ಟೊಂದು ಬೇಡ ಮಾರಾಯರೇ. ಚೆನ್ನಾಗಿ ಬೇಯಿಸಿ ಆಗೀಗ ತಿನ್ನಿ, ಏನೂ ಆಗಲ್ಲ."

"ಅಂದ್ರೆ ಕೋಸು ವಿಷ ಅಂತ ತಾನೆ?" ಎಂದಳು ಪಕ್ಕದಲ್ಲಿ ಕೂತಿದ್ದ ಅಕ್ಕ.

"ಇಲ್ಲಮ್ಮ. ಅತಿಯಾಗಬಾರದು ಅಂದೆ ಅಷ್ಟೇ."

"ಗೊತ್ತಾಯ್ತು ಬಿಡಿ ಡಾಕ್ಟ್ರೇ, ನೀವು ಬಾಯ್ಬಿಟ್ಟು ಹೇಳೋ ಹಾಗಿಲ್ಲ" ಎಂದು ಅಕ್ಕ ಎದ್ದಳು. ಅಲ್ಲಿಗೆ ಆ ಮನೆಯಲ್ಲಿ ಕೋಸಿನ ಯುಗ ಮುಗಿಯಿತು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಛತ್ರಿಯಪ್ಪನಿಗೆ ಎಲೆಕೋಸು ಕಂಡರೆ ಅಷ್ಟಕ್ಕಷ್ಟೇ. ಅದರ ವಾಸನೆ ಅವನಿಗೆ ಹಿಡಿಸುತ್ತಿರಲಿಲ್ಲ. ವರ್ಷಗಟ್ಟಲೆ ದಿನವೂ ಒಂದು ಕೋಸು ಕೊಂಡು, ಅಕ್ಕ ಅದನ್ನು ಹುರಿದರೂ ಬೇಯಿಸಿದರೂ ಕಣ್ಣು ಮುಚ್ಚಿ ನುಂಗುತ್ತಿದ್ದುದಕ್ಕೆ ಕಾರಣ ತಕ್ಕಡಿಯಮ್ಮ.

ಮನೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಮಾರ್ಕೆಟ್ಟಿದೆ. ಅದರ ಮೂಲೆಯ ತರಕಾರಿ ಅಂಗಡಿ ಅವಳದು. ಗಂಡ ಹೋದ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ತೂಕದಲ್ಲಿ ಕೂದಲೆಳೆಯಷ್ಟೂ ಆಚೀಚೆ ಮಾಡದವಳಾದ್ದರಿಂದ ಜನ ಇಟ್ಟ ಹೆಸರು ಅದು. ಬೇರೆ ಅಂಗಡಿಯವರು ಕೋಸನ್ನು ಬಾಡಿದ ಎಲೆಯ ಸಮೇತ ತೂಗಿ ಕೊಡುತ್ತಾರೆ. ತಕ್ಕಡಿಯಮ್ಮ ಮಾತ್ರ ಮೇಲಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ದಂಟನ್ನು ಓರೆಯಾಗಿ ಕತ್ತರಿಸಿ, ಬುಡದಲ್ಲಿ ಹಸಿರಾದ ಎರಡೇ ಎಲೆ ಉಳಿಸಿ, ಆಮೇಲೆ ತಕ್ಕಡಿಗೆ ಇಡುತ್ತಿದ್ದಳು. ಬಿಡಿಸಿದ ಎಲೆಯನ್ನೂ ಎಸೆಯುತ್ತಿರಲಿಲ್ಲ, ಮೊಲ ಸಾಕಿದವರೊಬ್ಬರಿಗೆ ಎತ್ತಿಡುತ್ತಿದ್ದಳು. "ಕೊಳೆತ ಎಲೆಗೆ ದುಡ್ಡು ಇಸ್ಕೊಂಡು ನಾನೇನು ಮಹಡಿ ಕಟ್ಟಿಸಬೇಕಾ?" ಎನ್ನುತ್ತಿದ್ದಳು.

ಟೊಮೆಟೊ ಕೊಂಡರೆ ಉಸಿರು ಬಿಡುವಷ್ಟರಲ್ಲಿ ವ್ಯಾಪಾರ ಮುಗಿದುಹೋಗುತ್ತದೆ. ಆಲೂಗಡ್ಡೆಯದೂ ಅದೇ ಪಾಡು. ಎಲೆಕೋಸಿಗೆ ಮಾತ್ರ ಹೊತ್ತು ಹಿಡಿಯುತ್ತದೆ. ಎಲೆ ಬಿಡಿಸುತ್ತ ತಕ್ಕಡಿಯಮ್ಮ ಕೇಳುತ್ತಿದ್ದಳು, "ನಿನ್ನೆ ಯಾರು ಏನು ಮರೆತು ಹೋದ್ರು?" ಛತ್ರಿಯಪ್ಪ ಹೇಳುತ್ತಿದ್ದ. ಒಂಟಿ ಬೂಟು, ಹಲ್ಲಿನ ಸೆಟ್ಟು, ಊದುವ ಕಹಳೆ, ಒಮ್ಮೆ ಯಾರದೋ ಮಾವನವರು. ಅವಳು ನಕ್ಕಾಗ ಅವಳ ಕೈ ನಿಲ್ಲುತ್ತಿತ್ತು. ಕೈ ನಿಂತರೆ ಇನ್ನೂ ಸ್ವಲ್ಪ ಹೊತ್ತು ಸಿಕ್ಕಿದ ಹಾಗೆ. ಅದಕ್ಕಾಗಿ ಅವನು ಮನೆಯಿಂದ ಮಾರ್ಕೆಟ್ಟಿನವರೆಗೆ ನಗುವಂಥ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದ, ಅತಿ ಹೆಚ್ಚು ಎಲೆಯಿರುವ ಕೋಸನ್ನೇ ಆರಿಸುತ್ತಿದ್ದ. ಅವಳನ್ನು ಇಷ್ಟಪಡುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು. ಅವಳಿಗೆ ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಆದ್ದರಿಂದ ಕೋಸು ತಿನ್ನುತ್ತಿದ್ದ.

ಈಗ ಕೋಸಿಗೆ ಬಹಿಷ್ಕಾರ ಬಿತ್ತು. ತರಕಾರಿ ತರುವ ಕೆಲಸವನ್ನೇ ಅಕ್ಕ ಅವನ ಕೈಯಿಂದ ಕಿತ್ತುಕೊಂಡು ಮನೆಯ ಹಿಂದಿನ ಅಂಗಡಿಗೆ ವರ್ಗಾಯಿಸಿದಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕುತ್ತಿಗೆ ತೋರಿಸಿಕೊಂಡು ಬೀದಿ ತಿರುಗಿದ ಫಲ ಊಟದ ತಟ್ಟೆಗೆ ಬಂತು.

ಎದುರುಮನೆಯ ನಿವೃತ್ತ ಮೇಷ್ಟ್ರು ಬಂದು, "ಹೂಕೋಸೂ ಅದೇ ವಂಶದ್ದು. ಮೂಲಂಗಿ ಅದರ ದಾಯಾದಿ" ಎಂದರು. ಅವೆರಡೂ ಹೋದವು. ಪಕ್ಕದ ಮನೆಯವರು ಕಡಲೆಕಾಯಿ ಬೇಡವೆಂದರು. ಅವರ ಅತ್ತೆ ಹಾಲು ಬೇಡವೆಂದರು. ಥೈರಾಯ್ಡ್ ಎಲ್ಲಿರುತ್ತದೆಂದು ಗೊತ್ತಿಲ್ಲದ ಒಬ್ಬರು, ಯಾವುದಕ್ಕೂ ಇರಲಿ ಎಂದು ಬ್ರೆಡ್ಡನ್ನು ನಿಲ್ಲಿಸಿದರು. ತಟ್ಟೆಯಲ್ಲಿ ಕೊನೆಗೆ ಉಳಿದದ್ದು ಬೇಯಿಸಿದ ಕುಂಬಳಕಾಯಿ. ಅದನ್ನೂ ಬೇಡವೆನ್ನಲು ಯಾರಾದರೂ ಬರಲೆಂದು ಛತ್ರಿಯಪ್ಪ ಬಾಗಿಲು ನೋಡುತ್ತಿದ್ದ.

"ಅಕ್ಕಾ, ಡಾಕ್ಟ್ರು ಎಲ್ಲ ತಿನ್ನಿ ಅಂದಿದ್ರಲ್ಲ?"

"ಡಾಕ್ಟ್ರಿಗೆ ದಿನಾ ನೂರು ಜನ. ನನಗೆ ಇರೋನು ನೀನೊಬ್ಬ" ಎಂದಳು ಅಕ್ಕ. ಛತ್ರಿಯಪ್ಪ ಕುಂಬಳಕಾಯಿ ಇನ್ನೊಂದು ತುಂಡು ಹಾಕಿಸಿಕೊಂಡ.

ಮಾತ್ರೆ ತನ್ನ ಕೆಲಸ ಶುರುಮಾಡಿತು. ತೂಕಡಿಕೆ ಕಡಿಮೆಯಾಯಿತು. ಇದರಿಂದ ತೊಂದರೆಯೇ ಹೆಚ್ಚಾಯಿತು. ಮೊದಲು ನಿದ್ದೆಯಾದರೂ ಬರುತ್ತಿತ್ತು, ಈಗ ಇಡೀ ದಿನ ಕಣ್ಣು ಬಿಟ್ಟುಕೊಂಡು ತಕ್ಕಡಿಯಮ್ಮನನ್ನು ನೆನೆಯಬೇಕು. ಛತ್ರಿಗಳ ಮಧ್ಯೆ ಕೂತು, ಎಲೆ ಕಳಚುವಾಗ ಬರುವ ಆ ಚರ್ ಎಂಬ ಸದ್ದು ನೆನೆದು ನಿಟ್ಟುಸಿರು ಬಿಡುತ್ತಿದ್ದ. ಯಾರೋ ಒಬ್ಬರು ರೈಲಿನಲ್ಲಿ ಜೀವಂತ ಬಾತುಕೋಳಿ ಮರೆತುಹೋದರು. ಎಂಥ ಸುದ್ದಿ! ಹೇಳುವುದಕ್ಕೆ ಜನವಿಲ್ಲದೆ ಅದು ಅವನ ಹೊಟ್ಟೆಯಲ್ಲೇ ಉಳಿಯಿತು.

ಮಾರ್ಕೆಟ್ಟಿನ ಮುಂದೆ ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಿದ್ದ. ಒಂದು ಬೆಳಗ್ಗೆ ತಕ್ಕಡಿಯಮ್ಮ ಕರೆದೇಬಿಟ್ಟಳು. "ಏನ್ರೀ, ನಮ್ಮ ಕೋಸಲ್ಲಿ ಹುಳ ಬಂತಾ? ಬೇರೆ ಅಂಗಡಿ ಹಿಡಿದ್ರಾ?"

ಕಾಯಿಲೆಯ ವಿಷಯ ಬೀದಿಗೆಲ್ಲ ಸಾರಿದವನಿಗೆ ಅವಳ ಮುಂದೆ ಹೇಳಲು ನಾಲಿಗೆ ಹೊರಳಲಿಲ್ಲ. ಹೇಳಿದರೆ ಅವಳು ಅಯ್ಯೋ ಪಾಪ ಎಂದು ಒಂದು ಸೋರೆಕಾಯಿ ಕೊಟ್ಟು ಕಳಿಸಿಬಿಡುತ್ತಾಳೆ, ಅಲ್ಲಿಗೆ ಮುಗಿಯಿತು. "ಛೆ ಛೆ, ಊರಲ್ಲಿರಲಿಲ್ಲ. ಒಂದು ಕೋಸು ಕೊಡಿ, ದೊಡ್ಡದು" ಎಂದ. ಎಲೆ ಬಿಡಿಸುವಷ್ಟು ಹೊತ್ತು ಬಾತುಕೋಳಿಯ ಕಥೆ ಹೇಳಿದ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನಿಗೆ ಆ ದಿನ ಕುಂಬಳಕಾಯಿಯೂ ರುಚಿಸಿತು.

ಆದರೆ ಕೋಸು? ಮನೆಗೆ ಒಯ್ದರೆ ಅಕ್ಕ ಅವನನ್ನೇ ಹೊರಗೆ ಹಾಕುತ್ತಾಳೆ. ಯಾರಿಗಾದರೂ ಕೊಟ್ಟರೆ ಸುದ್ದಿ ಅಕ್ಕನಿಗೆ ಮುಟ್ಟುತ್ತದೆ. ಎಸೆಯಲಂತೂ ಮನಸ್ಸಾಗಲಿಲ್ಲ, ಅವಳು ಕೈಯಾರೆ ಬಿಡಿಸಿದ ಕೋಸು. ಕಹಳೆಗೂ ಒಂಟಿ ಬೂಟಿಗೂ ನಡುವೆ ಶೆಲ್ಫಿನ ಮೇಲಿಟ್ಟ. ಮಾರನೆಯ ದಿನ ಅದರ ಪಕ್ಕಕ್ಕೆ ಇನ್ನೊಂದು ಬಂತು. ಆಮೇಲೆ ಮತ್ತೊಂದು.

ಮೇಲಿನ ಸಾಹೇಬರು ತಪಾಸಣೆಗೆ ಬಂದಾಗ ಶೆಲ್ಫಿನ ಮೇಲೆ ಕೋಸುಗಳ ಸಾಲು ನೆರೆದಿತ್ತು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೋಸುಗಳು ಹಾಗೇ ಇದ್ದವು.

"ಇದೇನ್ರೀ ಇದು?"

ಬುದ್ಧಿಯಿರುವ ಮನುಷ್ಯ ಆಗ ನಿಜ ಹೇಳುತ್ತಿದ್ದ. "ಯಾರೋ ಮರೆತು ಹೋಗಿದ್ದಾರೆ ಸರ್" ಎಂದ ಛತ್ರಿಯಪ್ಪ.

"ಇಷ್ಟೂ ಜನ ಕೋಸೇ ಮರೆತು ಹೋದ್ರಾ?"

"ಒಬ್ಬರೇ ಇರಬೇಕು ಸರ್. ದಿನಾ ಮರೀತಾರೆ."

ಸಾಹೇಬರು ಕಾನೂನಿನ ಮನುಷ್ಯ. ಮರೆತುಹೋದ ವಸ್ತುವನ್ನು ನಿಗದಿಯಾದ ಅವಧಿಯವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು, ವಾರಸುದಾರರನ್ನು ಹುಡುಕಬೇಕು. ಆ ಅವಧಿಯನ್ನು ಛತ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು. ಕೋಸಿಗೆ ಅಷ್ಟು ತಾಳ್ಮೆ ಇರಲಿಲ್ಲ. ವಾಸನೆ ಮೊದಲು ಟಿಕೆಟ್ ಕೌಂಟರಿಗೆ ಹೋಯಿತು, ಅಲ್ಲಿಂದ ನಿರೀಕ್ಷಣಾ ಕೊಠಡಿಗೆ ದಾಟಿತು. ರೈಲು ತಡವಾದರೂ ತುಟಿ ಬಿಚ್ಚದಿದ್ದ ಪ್ರಯಾಣಿಕರು ಈಗ ದೂರು ಕೊಡಲು ಸಾಲುಗಟ್ಟಿದರು. ಸಾಹೇಬರು ಧ್ವನಿವರ್ಧಕದಲ್ಲಿ ಹೇಳಿಸಿದರು: "ಪ್ರಯಾಣಿಕರ ಗಮನಕ್ಕೆ. ದಯವಿಟ್ಟು ನಿಮ್ಮ ಎಲೆಕೋಸನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಈಗಾಗಲೇ ಕಳೆದುಕೊಂಡವರು ಕಚೇರಿಯನ್ನು ಸಂಪರ್ಕಿಸಿ."

ಇಬ್ಬರು ಸಂಪರ್ಕಿಸಿದರು. ಇಬ್ಬರೂ ಒಂದೇ ಕೋಸಿಗೆ ಕೈ ಹಾಕಿದರು.

"ಗುರುತು ಹೇಳಿ" ಎಂದರು ಸಾಹೇಬರು.

"ಹಸಿರಾಗಿತ್ತು" ಎಂದ ಒಬ್ಬ.

"ನಂದು ಗುಂಡಗಿತ್ತು" ಎಂದ ಇನ್ನೊಬ್ಬ.

ಗುರುತು ಎರಡೂ ಸರಿಯಾಗಿದ್ದುದರಿಂದ ಸಾಹೇಬರು ಯಾರಿಗೂ ಕೊಡಲಿಲ್ಲ. ಪ್ರತಿದಿನ ಸ್ಟೇಷನ್ನಿನಲ್ಲಿ ಕೋಸು ಬಿಟ್ಟುಹೋಗುವ ಮನುಷ್ಯನಿಗೆ ಬೇರೆ ಏನೋ ಉದ್ದೇಶವಿದೆ ಎಂದು ಅವರ ತಲೆಗೆ ಹೊಕ್ಕಿತು. ರೈಲ್ವೆ ಪೊಲೀಸಿನ ದಫೇದಾರರನ್ನು ಕರೆಸಿದರು.

ದಫೇದಾರರಿಗೆ ಜೇಬುಗಳ್ಳರ ಹಿಂದೆ ಓಡಿ ಓಡಿ ಬೇಸರವಾಗಿತ್ತು. ಓಡದೆ ಕೂತಿರುವ ಕೋಸು ಕಂಡು ಅವರಿಗೆ ಹುಮ್ಮಸ್ಸು ಬಂತು. ಒಂದೊಂದನ್ನೂ ಮೂಗು ಮುಚ್ಚಿಕೊಂಡು ಪರೀಕ್ಷಿಸಿ, "ಎಲ್ಲ ಒಂದೇ ಕೈಯಿಂದ ಬಂದದ್ದು. ದಂಟು ನೋಡಿ, ಓರೆಯಾಗಿ ಕತ್ತರಿಸಿದ್ದು. ಬುಡದಲ್ಲಿ ಎರಡೇ ಎಲೆ. ಮಾರಿದವರು ಯಾರು ಅಂತ ಗೊತ್ತಾದ್ರೆ ಕೊಂಡವನು ಸಿಗ್ತಾನೆ" ಎಂದರು. ಇದ್ದುದರಲ್ಲಿ ತಾಜಾ ಆದದ್ದೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮಾರ್ಕೆಟ್ಟಿನ ಕಡೆ ಹೊರಟರು. ಛತ್ರಿಯಪ್ಪನಿಗೆ ಕುತ್ತಿಗೆಯಲ್ಲಿನ ಚಿಟ್ಟೆ ರೆಕ್ಕೆ ಬಡಿದ ಹಾಗಾಯಿತು. ಕೆಲಸ ಹೋಗುತ್ತದೆಂಬ ಭಯ ಅವನಿಗೆ ಬರಲೇ ಇಲ್ಲ. ಅವಳು ಬಂದು ಈ ಶೆಲ್ಫು ನೋಡುತ್ತಾಳೆ ಎಂಬುದೊಂದೇ ಭಯ.

ಅವನ ಗ್ರಹಚಾರ, ಅಕ್ಕ ಬೇಯಿಸಿದ ಕುಂಬಳಕಾಯಿಯ ಡಬ್ಬಿ ಹಿಡಿದುಕೊಂಡು ಅದೇ ಹೊತ್ತಿಗೆ ಬಂದಳು. ಅವಳ ಹಿಂದೆ, ಧ್ವನಿವರ್ಧಕದಲ್ಲಿ ಕೋಸಿನ ಸುದ್ದಿ ಕೇಳಿ ಎದುರುಮನೆಯ ಮೇಷ್ಟ್ರು ಬಂದರು. ಅವರಿಬ್ಬರ ಹಿಂದೆ ದಫೇದಾರರ ಜೊತೆ ತಕ್ಕಡಿಯಮ್ಮ ಬಂದಳು.

ಅವಳು ಅಂಗಡಿ ಬಿಟ್ಟು ಬೇರೆ ಕಡೆ ನಿಂತದ್ದನ್ನು ಛತ್ರಿಯಪ್ಪ ನೋಡಿಯೇ ಇರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಛತ್ರಿಗಳ ಮಧ್ಯೆ ನಿಂತಳು. ಒಂಟಿ ಬೂಟನ್ನು ನೋಡಿದಳು, ಕಹಳೆಯನ್ನು ನೋಡಿದಳು, ಗುರುತು ಹಿಡಿದ ಹಾಗೆ ಅವಳ ಮುಖ ಅರಳಿತು. ಆಮೇಲೆ ಶೆಲ್ಫಿನ ಮೇಲೆ ಸಾಲಾಗಿ ಕಪ್ಪಿಟ್ಟು ಕೊಳೆಯುತ್ತಿದ್ದ ಕೋಸುಗಳನ್ನು ಕಂಡಳು.

"ಇವು ನಿಮ್ಮ ಅಂಗಡಿಯವಾ?" ಎಂದರು ದಫೇದಾರರು.

"ಹೌದು."

"ಯಾರಿಗೆ ಮಾರಿದ್ದು?"

ತಕ್ಕಡಿಯಮ್ಮ ಛತ್ರಿಯಪ್ಪನನ್ನು ನೋಡಿದಳು. ಅವನು ಮಫ್ಲರಿನೊಳಗೆ ಆಮೆಯ ಹಾಗೆ ಇಳಿದಿದ್ದ. ಅವಳು ಮುಖ ತಿರುಗಿಸಿ, "ಗೊತ್ತಿಲ್ಲ ಸ್ವಾಮಿ. ಎಷ್ಟೋ ಜನ ಬರ್ತಾರೆ, ಹೋಗ್ತಾರೆ. ಎಲ್ಲರ ಮುಖ ನೆನಪಿರುತ್ತಾ?" ಎಂದಳು. ದನಿ ಸಣ್ಣದಾಗಿತ್ತು. ಕೂದಲೆಳೆಯಷ್ಟೂ ತಪ್ಪು ತೂಗದವಳು ಅವನಿಗಾಗಿ ಇಡೀ ಸುಳ್ಳೊಂದನ್ನು ತೂಗಿ ಕೊಟ್ಟಿದ್ದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

ಸುಮ್ಮನಿದ್ದರೆ ಛತ್ರಿಯಪ್ಪ ಬಚಾವಾಗುತ್ತಿದ್ದ. ಕೆಲಸ ಉಳಿಯುತ್ತಿತ್ತು, ಮಾನ ಉಳಿಯುತ್ತಿತ್ತು, ಅಕ್ಕನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ತಾನು ಬಿಡಿಸಿಕೊಟ್ಟದ್ದನ್ನೆಲ್ಲ ಈತ ಕೊಳೆಹಾಕಿದ ಎಂದುಕೊಂಡು ಅವಳು ಹೋಗಿಬಿಡುತ್ತಾಳೆ. ಅದನ್ನು ಅವನಿಂದ ತಾಳಲಾಗಲಿಲ್ಲ.

"ನಾನೇ ಸರ್" ಎಂದ.

"ನೀವೇ ಏನು?" ಎಂದರು ಸಾಹೇಬರು.

"ಮರೆತು ಹೋದವನು."

"ನೀವು ದಿನಾ ಇಲ್ಲೇ ಕೂತಿರ್ತೀರಲ್ರೀ, ಎಲ್ಲಿಗೆ ಹೋಗಿದ್ರಿ ಮರೆತು?"

"ಕೋಸಾ?" ಎಂದಳು ಅಕ್ಕ. ಡಬ್ಬಿಯನ್ನು ಕೌಂಟರ್ ಮೇಲೆ ಕುಕ್ಕಿದಳು. "ಕುತ್ತಿಗೇಲಿ ಥೈರಾಯ್ಡ್ ಇಟ್ಕೊಂಡು, ಡಾಕ್ಟ್ರು ಬೇಡ ಅಂದ್ಮೇಲೂ ಕದ್ದು ಕೋಸು ತಿಂತಿದ್ದೀಯಾ?"

"ತಿಂದಿದ್ರೆ ಇಲ್ಲಿ ಯಾಕಿರ್ತಿತ್ತು ಅಕ್ಕಾ? ತಿಂದಿಲ್ಲ. ನನಗೆ ಕೋಸು ಸೇರೋದೇ ಇಲ್ಲ. ಯಾವತ್ತೂ ಸೇರಿಲ್ಲ."

"ಇಷ್ಟು ವರ್ಷ ತಿಂದ್ಯಲ್ಲೋ."

ಛತ್ರಿಯಪ್ಪ ಬಾಗಿಲಲ್ಲಿ ನಿಂತಿದ್ದವಳ ಕಡೆ ನೋಡಿದ. ಬಾಯಿಪಾಠ ಮಾಡಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. "ಇವರು ಎಲೆ ಬಿಡಿಸ್ತಾರಲ್ಲ" ಎಂದ. "ಅಷ್ಟು ಹೊತ್ತು ಅಲ್ಲಿ ನಿಂತಿರಬಹುದು. ಬೇರೆ ತರಕಾರಿ ಬೇಗ ಮುಗಿದುಹೋಗುತ್ತೆ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದು, ಜೀವನದಲ್ಲಿ ಮೊದಲ ಸಲ ಹಾಗೇ ಮುಚ್ಚಿದರು. ಸಾಹೇಬರು ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ವಾರಸುದಾರರು ಸಿಕ್ಕಿದ ಹಾಗಾಯ್ತು" ಎಂದರು. ಕಾನೂನಿನ ಪ್ರಕಾರ ಅವರಿಗೆ ಅಷ್ಟೇ ಬೇಕಾಗಿತ್ತು. ದಫೇದಾರರು ಕಂಕುಳಲ್ಲಿದ್ದ ಕೋಸನ್ನು ಬಹಳ ಮರ್ಯಾದೆಯಿಂದ ಛತ್ರಿಯಪ್ಪನ ಕೈಗೆ ಕೊಟ್ಟರು.

ತಕ್ಕಡಿಯಮ್ಮ ನಾಲ್ಕು ಹೆಜ್ಜೆ ಒಳಗೆ ಬಂದಳು. ಮುಖ ಕೆಂಪಾಗಿತ್ತು. "ಇಷ್ಟೊಂದು ಕೋಸು ಕೊಳೆಸಿದ್ರಲ್ಲ, ನಿಮಗೆ ಮನಸ್ಸು ಹೇಗೆ ಬಂತು? ಯಾರೋ ಬೆಳೆದಿದ್ದು, ಯಾರೋ ಹೊತ್ತು ತಂದಿದ್ದು. ಮೊಲಕ್ಕಾದ್ರೂ ಆಗ್ತಿತ್ತು" ಎಂದು ಬೈದಳು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಅವಳ ಮಾತನ್ನು ಇಷ್ಟು ಹೊತ್ತು ಎಂದೂ ಕೇಳಿರಲಿಲ್ಲವಾದ್ದರಿಂದ ಇನ್ನೂ ಸ್ವಲ್ಪ ಬೈಯಲಿ ಎಂದೇ ಅವನಿಗೆ ಅನಿಸಿತು. ಬೈದು ಮುಗಿಸಿ ಅವಳು ಕೇಳಿದಳು, "ಕೋಸು ತಿನ್ನಲೇಬಾರದು ಅಂದ್ರಾ ಡಾಕ್ಟ್ರು?"

"ಇಲ್ಲ. ಬೇಯಿಸಿ ಆಗೀಗ ತಿನ್ನಿ ಅಂದ್ರು. ಎಲ್ಲ ತಿನ್ನಿ ಅಂದ್ರು. ಅಕ್ಕ ಬೇಡ ಅಂದ್ಲು."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಕಹಳೆಯನ್ನು ಆಸಕ್ತಿಯಿಂದ ನೋಡತೊಡಗಿದರು.

"ನಮ್ಮ ಮನೆಯವರಿಗೂ ಥೈರಾಯ್ಡ್ ಇದೆ" ಎಂದರು ಸಾಹೇಬರು. "ಬೆಳಗ್ಗೆ ಮಾತ್ರೆ ತಗೊಂಡು ಆಮೇಲೆ ಎಲ್ಲ ತಿಂತಾರೆ. ನನ್ನ ತಲೆ ಸಮೇತ."

ಅಕ್ಕ ಡಬ್ಬಿಯ ಮುಚ್ಚಳ ತೆಗೆದು ಕುಂಬಳಕಾಯಿಯನ್ನು ನೋಡಿದಳು. ತಮ್ಮನ ಮುಖ ನೋಡಿದಳು. ಇಷ್ಟು ದಿನ ಬರೀ ಕುತ್ತಿಗೆಯನ್ನೇ ನೋಡುತ್ತಿದ್ದೆ, ಈ ಮುಖವನ್ನು ನೋಡಲೇ ಇಲ್ಲವೆಂದು ಅವಳಿಗೆ ಅನಿಸಿರಬೇಕು. ಕಣ್ಣು ಒದ್ದೆಯಾಯಿತು. "ಬಾಯಿ ಬಿಟ್ಟು ಹೇಳಬಾರದಿತ್ತೇನೋ, ಮುಠ್ಠಾಳ" ಎಂದಳು. ಏನನ್ನು ಹೇಳಬೇಕಿತ್ತೆಂದು ಅವಳೂ ಬಿಡಿಸಿ ಹೇಳಲಿಲ್ಲ.

ತಕ್ಕಡಿಯಮ್ಮ ಹೊರಡುವ ಮುಂಚೆ ಅವನ ಕೈಯಲ್ಲಿದ್ದ ಕೋಸನ್ನು ತೆಗೆದುಕೊಂಡಳು. ಮೊಲಗಳಿಗೆ ಇರಬೇಕು. "ನಾಳೆ ಬನ್ನಿ" ಎಂದಳು. "ಏನೂ ಕೊಳ್ಳೋದು ಬೇಡ."

ಏನೂ ಕೊಳ್ಳದೆ ಅಂಗಡಿಗೆ ಹೋಗುವುದು ಹೇಗೆ? ಛತ್ರಿಯಪ್ಪನಿಗೆ ಇದು ದೊಡ್ಡ ಸಮಸ್ಯೆಯಾಯಿತು. ಮರುದಿನ ಮಾತ್ರೆ ತೆಗೆದುಕೊಂಡು, ಹೊತ್ತು ಕಾದು, ಬ್ರೆಡ್ಡೂ ಮೊಟ್ಟೆಯೂ ತಿಂದು, ಕೈಚೀಲವಿಲ್ಲದೆ ಹೊರಟ. ಅಕ್ಕ ಬಾಗಿಲವರೆಗೆ ಬಂದು ಅವನ ಮಫ್ಲರ್ ಬಿಚ್ಚಿ ತೆಗೆದುಕೊಂಡಳು.

ಅಂಗಡಿಯ ಮುಂದೆ ಗಿರಾಕಿಗಳಿದ್ದರು. ಅವನು ಒಂದು ಪಕ್ಕಕ್ಕೆ ನಿಂತ. ಕೈಗಳನ್ನು ಏನು ಮಾಡಬೇಕೆಂದು ತೋಚದೆ ಹಿಂದೆ ಕಟ್ಟಿಕೊಂಡ, ಮುಂದೆ ಕಟ್ಟಿಕೊಂಡ, ಕೊನೆಗೆ ಜೇಬಿನಲ್ಲಿಟ್ಟ. ತಕ್ಕಡಿಯಮ್ಮ ಬೀನ್ಸ್ ತೂಗುತ್ತಿದ್ದಳು. ಅವನ ಕಡೆ ನೋಡಲಿಲ್ಲ, ಆದರೆ ತಕ್ಕಡಿಯ ಮುಳ್ಳು ನಿಲ್ಲುವುದಕ್ಕೆ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಚೀಲ ಹಿಡಿದ ಹೆಂಗಸೊಬ್ಬರು ಅವನ ಹಿಂದೆ ಬಂದು ನಿಂತರು.

"ನೀವು ಮುಂದೆ ಇದ್ದೀರಿ, ನೀವು ತಗೊಳ್ಳಿ" ಎಂದರು.

"ಪರವಾಗಿಲ್ಲ, ನೀವು ತಗೊಳ್ಳಿ" ಎಂದ ಛತ್ರಿಯಪ್ಪ. "ನನಗೇನೂ ಬೇಡ."

ತಕ್ಕಡಿಯಮ್ಮ ತಲೆ ಎತ್ತದೆ, ಒಂದು ಮರದ ಪೆಟ್ಟಿಗೆಯನ್ನು ಅವನು ಕೂರಲೆಂದು ಕಾಲಿನಿಂದ ಅವನತ್ತ ತಳ್ಳಿದಳು. "ಅವರು ಬಾಯಿ ಬಿಟ್ರೆ ಸುಳ್ಳೇ ಹೇಳೋದು" ಎಂದಳು ಆ ಹೆಂಗಸಿಗೆ. "ನಿಮಗೇನು ಬೇಕು ಹೇಳಿ."